ಮೂರನೇ ಪಂಜರದ ಡುಮ್ಮಿ

“ಜೇಬು ತೋರಿಸಿ, ದೊಡ್ಡಮ್ಮ,” ಎಂದರು ಮೇಡಂ.

ಇಲಿಗಳ ಕೋಣೆಯಲ್ಲಿ ಪಂಜರ ತೊಳೆದು ತಿಂಡಿ, ನೀರು ಇಡುವ ಆಕೆಯನ್ನು ಪ್ರಯೋಗಾಲಯದವರೆಲ್ಲ ಕರೆಯುತ್ತಿದ್ದುದೇ ಹಾಗೆ. ಇವತ್ತಿನ ‘ದೊಡ್ಡಮ್ಮ’ದಲ್ಲಿ ಮಾತ್ರ ಸಲಿಗೆ ಇರಲಿಲ್ಲ.

ಕೊಬ್ಬಿದ ಎಂಟು ಇಲಿಗಳಿಗೆ ಮೇಡಂ ದಿನವೂ ಹಸಿವು ತಗ್ಗಿಸುವ ಹಾರ್ಮೋನು ಚುಚ್ಚುತ್ತಿದ್ದರು. ತೂಗಿ ಇಟ್ಟ ತಿಂಡಿಯಲ್ಲಿ ಎಂಟೂ ಅರ್ಧ ಬಿಡತೊಡಗಿದವು. ಏಳು ಸಣ್ಣಗಾದವು. ಮೂರನೇ ಪಂಜರದ ಡುಮ್ಮಿ ಮಾತ್ರ ಅಷ್ಟೇ ಕಡಿಮೆ ತಿಂದೂ ಇದ್ದ ಹಾಗೇ ಇತ್ತು. ಕದ್ದು ತಿನ್ನಿಸುವವರು ಯಾರೋ ಇದ್ದಾರೆ! ಕೋಣೆಯ ಕೀಲಿ ಇದ್ದದ್ದು ಇವರಿಬ್ಬರ ಹತ್ತಿರ ಮಾತ್ರ.

ವಾರದಿಂದ ಮೇಡಂ ಕಣ್ಣಿಟ್ಟಿದ್ದರು. ಊಟದ ಡಬ್ಬಿ ಹೊರಗೇ ಇರಲಿ ಎಂದರು. ಬಗ್ಗಿ ನೆಲದಲ್ಲಿ ಬಿಸ್ಕತ್ತಿನ ಪುಡಿ ಹುಡುಕಿದರು. ಡುಮ್ಮಿಗೆ ಹೆಸರಿಟ್ಟವರು ಯಾರು ಎಂದು ಕೇಳಿ, ನಾನೇ ಎಂದು ದೊಡ್ಡಮ್ಮ ಹೇಳಿದಾಗ ಸುಮ್ಮನೆ ತಲೆಯಾಡಿಸಿದ್ದರು.

ಒಂದು ಚೂರೂ ತಿನ್ನಿಸಿಲ್ಲ ಎಂದಳು ದೊಡ್ಡಮ್ಮ. ಹಾಗಾದರೆ ಜೇಬು ಯಾಕೆ ಉಬ್ಬಿದೆ ಎಂದರು ಮೇಡಂ. ಆಕೆ ಬಾಗಿಲ ಕಡೆ ನೋಡಿದಳು. ಹೇಳಿದ್ದನ್ನು ಬಿಟ್ಟು ಪಂಜರಕ್ಕೆ ಏನೂ ಹಾಕಕೂಡದು ಎಂಬ ಚೀಟಿ ಅಲ್ಲಿ ಅಂಟಿಸಿತ್ತು.

“ನಿಜ ಹೇಳಿ. ಇಲ್ಲಾಂದ್ರೆ ಕೀಲಿ ಇಲ್ಲಿಟ್ಟು ಹೋಗಿ, ನಾಳೆಯಿಂದ ಬರೋದು ಬೇಡ.”

ದೊಡ್ಡಮ್ಮ ಕೀಲಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಜೇಬಿನಿಂದ ತೆಗೆದು ಅದರ ಪಕ್ಕದಲ್ಲಿಟ್ಟದ್ದು ಒಂದು ಹಿಡಿ ಹತ್ತಿ.

ಮೇಡಂ ಅದನ್ನು ಬಿಡಿಸಿ ಬಿಡಿಸಿ ನೋಡಿದರು. ಒಳಗೇನೂ ಇರಲಿಲ್ಲ. ಮೂರನೇ ಪಂಜರ ತೆರೆದು, ಇಲಿ ಮಲಗುವ ಡಬ್ಬಿಯ ಮುಚ್ಚಳ ಎತ್ತಿದರು. ಕಿವಿಯವರೆಗೂ ಹತ್ತಿ ಹೊದ್ದು ಡುಮ್ಮಿ ನಿದ್ದೆ ಹೊಡೆಯುತ್ತಿತ್ತು. ಪಕ್ಕದ ಪಂಜರದ್ದು ಮರದ ಹೊಟ್ಟಿನ ಮೇಲೆ ಮುದುಡಿ ನಡುಗುತ್ತಿತ್ತು.

“ತಿನ್ನೋಕೆ ಕೊಟ್ಟಿಲ್ಲ ಮೇಡಂ, ಹೊದಿಯೋಕೆ ಕೊಟ್ಟೆ. ಈ ಏಸಿಗೆ ನಿಮಗೇ ಸ್ವೆಟರ್ ಬೇಕು.”

ಮೇಡಂ ನೋಟ್‌ಬುಕ್ಕು ತಿರುವಿ ಹಾಕಿದರು. ಮೂರು ತಿಂಗಳ ಹಾಳೆಗಳಲ್ಲಿ ಇಲಿಗಳು ಎಷ್ಟು ತಿಂದವು ಎಂಬುದಿತ್ತು. ಮೈ ಕಾಯಿಸಿಕೊಳ್ಳಲು ಎಷ್ಟು ಕೊಬ್ಬು ಕರಗಿಸಿದವು ಎಂಬುದು ಎಲ್ಲೂ ಇರಲಿಲ್ಲ. ಏಳು ಇಲಿಗಳ ತೂಕ ಇಳಿಸಿದ್ದು ಹಾರ್ಮೋನೋ, ಚಳಿಯೋ?

ಅವರು ಕೀಲಿಯನ್ನು ದೊಡ್ಡಮ್ಮನ ಕಡೆಗೆ ಸರಿಸಿದರು. ಹತ್ತಿ ಇನ್ನೂ ಏಳು ಹಿಡಿ ಸಿಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಇಷ್ಟು ಹೊತ್ತು ಜೇಬನ್ನು ನೋಡಿದ ಕಣ್ಣಲ್ಲೇ ಈಗ ಹಾರ್ಮೋನಿನ ಸೂಜಿಯ ತಟ್ಟೆಯನ್ನು ನೋಡುತ್ತಿದ್ದರು.