ಒಮ್ಮೆ ಕಚ್ಚಿದ ಸೇಬು

"ಕಚ್ಚಿ. ಆದರೆ ನುಂಗಬೇಡಿ," ಎಂದರು ಅಧಿಕಾರಿಗಳು.

ಕಿರಿಯ ಸೊಸೆ ಬುಟ್ಟಿಯಿಂದ ಇನ್ನೊಂದು ಸೇಬು ಎತ್ತಿಕೊಂಡಳು. ಸ್ಟುಡಿಯೋ ಮನೆಯವರದೇ. ಕ್ಯಾಮೆರಾ ಅವಳ ಭಾವನದು, ಅಂದರೆ ಗಂಡನ ಅಣ್ಣನದು; ತಿಂಡಿ ತಿನಿಸುಗಳನ್ನು ಫೋಟೋಕ್ಕೆ ಸಿಂಗರಿಸುವ ಕೆಲಸ ಅವಳದು. ಬಂದಿದ್ದವರು ಆಹಾರ ಉಳಿತಾಯ ಇಲಾಖೆಯವರು. ಅವರಿಗೊಂದು ಪೋಸ್ಟರು ಬೇಕಿತ್ತು: ಬಿಳಿ ತಟ್ಟೆಯಲ್ಲಿ ಒಮ್ಮೆ ಕಚ್ಚಿ ಬಿಟ್ಟ ಸೇಬು, ಕೆಳಗೆ 'ಜಗತ್ತು ಹಸಿದಿದೆ, ಪೋಲು ಮಾಡಬೇಡಿ' ಎಂಬ ಬುದ್ಧಿಮಾತು. ಇದು ಮೇಲಿನವರಿಗೆ ಹಿಡಿಸಿದರೆ ಇಡೀ ವರ್ಷದ ಪೋಸ್ಟರುಗಳು ನಿಮಗೇ ಎಂದು ಬರುತ್ತಲೇ ಆಸೆ ಹುಟ್ಟಿಸಿದ್ದರು.

ಕೆಲಸ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಚಾಕುವಿನಲ್ಲಿ ಕೆತ್ತಿದರೆ ಹಲ್ಲಿನ ಗುರುತಿನಂತೆ ಕಾಣಲಿಲ್ಲ. ಭಾವನ ಮುಂದಿನ ಹಲ್ಲುಗಳ ನಡುವೆ ಸಂದು, ಅಧಿಕಾರಿಗಳದು ಕಟ್ಟಿಸಿದ ಹಲ್ಲು. ಹಾಗಾಗಿ ಕಚ್ಚುವ ಭಾಗ್ಯ ಸೊಸೆಯ ಪಾಲಿಗೆ ಬಂತು. ಕಚ್ಚಿದ ಸೇಬು ದೀಪಗಳ ಬಿಸಿಗೆ ನೋಡನೋಡುತ್ತಲೇ ಕಂದುತ್ತಿತ್ತು. ಅದನ್ನು ಎಸೆದು ಮತ್ತೊಂದು. ಹೊಳಪು ಬರಲೆಂದು ಸಿಪ್ಪೆಗೆ ಮೇಣ ತಿಕ್ಕುತ್ತಿದ್ದುದರಿಂದ ಬಾಯಿಗೆ ಬಂದ ತುಂಡನ್ನು ಉಗುಳಲೇಬೇಕು. ಹಸಿದ ಜಗತ್ತಿನ ಸಲುವಾಗಿ ಬಕೆಟ್ಟು ಚೆನ್ನಾಗಿಯೇ ತುಂಬುತ್ತಿತ್ತು.

"ಇಷ್ಟು ಆಳಕ್ಕೆ ಯಾಕೆ ಕಚ್ತೀರಮ್ಮ? ಹಸಿದವರು ಕಚ್ಚಿದ ಹಾಗಿದೆ. ಪೋಲು ಮಾಡೋರು ಕಚ್ಚಿದ ಹಾಗೆ ಬರಬೇಕು."

"ಅವರು ಹೇಗೆ ಕಚ್ತಾರೆ ಸಾರ್?"

"ಸುಮ್ಮನೆ ಒಂದು ಸಲ ಬಾಯಿ ಹಾಕಿ, ಬೇಡ ಅಂತ ಬಿಡ್ತಾರೆ," ಎಂದು ಅಧಿಕಾರಿಗಳು ಒಮ್ಮೆ ಕಚ್ಚಿದ ತಮ್ಮ ಬಿಸ್ಕತ್ತನ್ನು ಸಾಸರಿನಲ್ಲಿಟ್ಟು, ಕಾಫಿಯನ್ನಷ್ಟೇ ಹೀರಿದರು.

ಹಸಿವಾಗಿದ್ದುದು ಸುಳ್ಳೇನಲ್ಲ. ಬಸಿರಾದಾಗಿನಿಂದ ಅವಳಿಗೆ ನೀರು ಕುಡಿದರೂ ವಾಂತಿ. ಏನನ್ನಾದರೂ ತಿನ್ನಬೇಕು ಅನಿಸಿದ್ದು ಇವತ್ತೇ ಮೊದಲು, ಅದೂ ಸೇಬನ್ನೇ. ಬಾಯಿಗೆ ಬಂದ ರಸವನ್ನು ಪ್ರತಿ ಸಲ ಉಗುಳುವಾಗಲೂ ಅವಳಿಗೆ ಅಳು ಬರುತ್ತಿತ್ತು. ಹೇಳಿಕೊಳ್ಳೋಣವೆಂದರೆ ಅಧಿಕಾರಿಗಳ ಉಪನ್ಯಾಸ ಆಗಲೇ ಶುರುವಾಗಿತ್ತು.

"ತಪ್ಪು ಭೂಮೀದಲ್ಲ. ಅದು ಪಾಪ, ಬೆಳೀತಾನೇ ಇದೆ. ತಿನ್ನೋ ಬಾಯಿಗಳು ಜಾಸ್ತಿಯಾಗಿವೆ. ಮೂರನೇದು ಹೆರೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ನಿಮಗೆಷ್ಟಮ್ಮ ಮಕ್ಕಳು?"

ಕ್ಯಾಮೆರಾದ ಹಿಂದಿನಿಂದ ಭಾವ ಕಣ್ಣುಸನ್ನೆ ಮಾಡಿದ.

"ಎರಡು ಸಾರ್."

"ಭೇಷ್! ಅಲ್ಲಿಗೇ ನಿಲ್ಲಿಸಿದ್ರಲ್ಲ, ಅದು ಬುದ್ಧಿವಂತಿಕೆ."

ಮೂರನೆಯದು ಏಪ್ರನ್ನಿನ ಮರೆಯಲ್ಲಿ ತೆಪ್ಪಗಿತ್ತು.

ಬುಟ್ಟಿಯಲ್ಲಿ ಕೊನೆಯ ಸೇಬು ಉಳಿದಾಗ ಅಧಿಕಾರಿಗಳಿಗೆ ಫೋನು ಬಂತು. ಅವರು ಬಾಗಿಲಾಚೆ ಹೋಗಿ, ಪೋಸ್ಟರು ಬಿಡುಗಡೆಯ ದಿನದ ಭೋಜನಕೂಟಕ್ಕೆ ಇನ್ನೂ ನಾಲ್ಕು ಬಗೆ ಸೇರಿಸಿ, ಇಲ್ಲದಿದ್ದರೆ ಇಲಾಖೆಯ ಮರ್ಯಾದೆ ಹೋಗುತ್ತದೆ ಎಂದು ಯಾರನ್ನೋ ಗದರತೊಡಗಿದರು.

"ಇದೊಂದು ಸರಿಯಾಗಿ ಬಂದುಬಿಟ್ರೆ ಸಾಕಮ್ಮ," ಎಂದ ಭಾವ ಮೆಲ್ಲಗೆ. "ಮೇಣನೂ ಬೇಡ, ದೀಪ ಸರಿಮಾಡ್ಕೋತೀನಿ. ಆಮೇಲೆ ನಿನಗೆ ಏನು ಬೇಕೋ ತರಿಸಿಕೊಡ್ತೀನಿ."

ಅವಳು ಕಚ್ಚಿದಳು. ಹದವಾಗಿ, ಅಧಿಕಾರಿಗಳು ಹೇಳಿದಂತೆಯೇ. ಭಾವ ತಟ್ಟೆ ಮುಂದೆ ಚಾಚಿದ. ಆದರೆ ಬಾಯಲ್ಲಿದ್ದ ತುಂಡು ಬಕೆಟ್ಟಿನ ಕಡೆಗೆ ಹೋಗದೆ ಗಂಟಲಿಗಿಳಿಯಿತು. ಆಮೇಲೆ ಕೈ ಅವಳ ಮಾತು ಕೇಳಲಿಲ್ಲ. "ಅಯ್ಯೋ, ಬೇಡಮ್ಮಾ!" ಎಂದು ಭಾವ ಅನ್ನುವಷ್ಟರಲ್ಲಿ ಅರ್ಧ ಮುಗಿದಿತ್ತು. ಉಳಿದರ್ಧವನ್ನು ಅವಳು ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು, ನಡುವಿನ ಗಟ್ಟಿ ಭಾಗವನ್ನೂ ಬಿಡದೆ ತಿಂದಳು. ಹೊಟ್ಟೆ ತೊಳೆಸಲಿಲ್ಲ. ಎಷ್ಟೋ ದಿನಗಳ ಮೇಲೆ ಅವಳಿಗೆ ಹಾಯೆನಿಸಿತು.

"ಸೇಬೆಲ್ಲಿ?" ಅಧಿಕಾರಿಗಳು ಒಳಗೆ ಬಂದರು.

"ತಿಂದೆ ಸಾರ್."

"ಪೂರ್ತಿನಾ?"

"ಪೂರ್ತಿ. ನಾನೊಬ್ಬಳೇ ಆಗಿದ್ರೆ ಬಿಡ್ತಿದ್ದೆನೋ ಏನೋ. ಮೂರನೇದು ಕೇಳಲಿಲ್ಲ," ಎಂದು ಅವಳು ಏಪ್ರನ್ ಬಿಚ್ಚಿ ಕುರ್ಚಿಯ ಮೇಲಿಟ್ಟಳು.

ಅಧಿಕಾರಿಗಳು ಅವಳ ಹೊಟ್ಟೆ ನೋಡಿದರು, ಖಾಲಿ ಬುಟ್ಟಿ ನೋಡಿದರು. ಇಡೀ ವರ್ಷದ ಕೆಲಸಕ್ಕೆ ಎಳ್ಳುನೀರು ಬಿಟ್ಟಾಯಿತು ಎಂದುಕೊಂಡ ಭಾವ, ಹೋದರೆ ಹೋಗಲಿ ಎಂದು ತಟ್ಟೆಯ ಫೋಟೋ ಒಂದನ್ನು ಹೊಡೆದೇಬಿಟ್ಟ. ಬಿಳಿ ತಟ್ಟೆ, ಅದರಲ್ಲಿ ಅವಳು ಉಳಿಸಿಟ್ಟ ಒಂದು ತೊಟ್ಟು, ನಾಲ್ಕು ಬೀಜ.

"ಇದನ್ನೇ ಹಾಕಿ ಸಾರ್. ಒಂಚೂರೂ ಪೋಲಾಗಿಲ್ಲ," ಎಂದ.

ಅಧಿಕಾರಿಗಳು ಕನ್ನಡಕ ಏರಿಸಿಕೊಂಡು ಅದನ್ನು ಬಹಳ ಹೊತ್ತು ನೋಡಿದರು.

"ಪೋಲಾಗದಿದ್ರೆ ಜನ ಏನನ್ನ ನೋಡಿ ಬುದ್ಧಿ ಕಲೀಬೇಕ್ರೀ?" ಎಂದರು. "ಇನ್ನೊಂದು ಬುಟ್ಟಿ ತರಿಸಿ. ಕಚ್ಚೋಕೆ, ಹೊಟ್ಟೆ ತುಂಬಿದೋರು ಯಾರಾದ್ರೂ ಇದ್ರೆ ಕರೀರಿ."