ಹಸಿರು ಪರದೆ

“ಆ ಕೆಂಪು ಕುದ್ರೆ ಕಣ್ಲಾ. ಅಂಜೋದೇ ಗೊತ್ತಿಲ್ಲ ಅದ್ಕೆ,” ಎಂದು ಹುಚ್ಚಯ್ಯ ಆರಿಸಿದ ಕುದುರೆಯೇ ಮಾದೇಶನ ಮೊಬೈಲಿನಲ್ಲಿ ಎಲ್ಲಕ್ಕಿಂತ ಮುಂದಿತ್ತು. ಇಂಗ್ಲೆಂಡಿನಲ್ಲಿ ಬೇಲಿ ಹಾರುವ ರೇಸು. ರಾವಂದೂರಿನಲ್ಲಿ ಟೀ ಅಂಗಡಿಗೆ ಅಂಗಡಿಯೇ ಎದ್ದು ನಿಂತಿತ್ತು. ಮೈಸೂರಿನ ರೇಸ್‌ಕೋರ್ಸಿನಲ್ಲಿ ಕುದುರೆ ನೋಡಿಕೊಂಡೇ ಮುದುಕನಾದವನ ಮಾತು ಸುಳ್ಳಾಗುವುದುಂಟೇ?

ಕೊನೆಯ ಬೇಲಿ ಬಂದಾಗ ದಣಿದ ಕುದುರೆಗಳೆಲ್ಲ ವೇಗ ತಗ್ಗಿಸಿದವು. ಕೆಂಪು ಕುದುರೆ ತಗ್ಗಿಸಲಿಲ್ಲ. ಹಾರಿತು, ಮುಗ್ಗರಿಸಿ ಬಿತ್ತು, ಏಳಲಿಲ್ಲ. ಜನ ಓಡಿಬಂದು ಅದರ ಸುತ್ತ ಹಸಿರು ಪರದೆ ಹಿಡಿದರು.

“ಪರದೆ ಯಾಕ್ ತಾತ? ಔಸ್ದಿ ಆಕ್ತಾರಾ?” ಎಂದ ಮಾದೇಶ.

ಕಾಲು ಮುರಿದ ಕುದುರೆಗೆ ಇಂಥದೇ ಪರದೆಯ ಹಿಂದೆ ಸೂಜಿ ಚುಚ್ಚಿ ಕೊಲ್ಲುವುದನ್ನು ಹುಚ್ಚಯ್ಯ ಕಂಡಿದ್ದ. “ಊಂ ಕಣಪ್ಪ, ಔಸ್ದಿಯೇ.”

“ಅಂಗಾರೆ ಮುಂದಿನ್ ರೇಸ್ಗೆ ಯಾವ್ದು?”

ಹೊಸ ಕುದುರೆಗಳು ಸಾಲಾಗಿ ಬಂದವು. ಅವುಗಳಲ್ಲೂ ಒಂದು, ಕಿವಿ ನಿಮಿರಿಸಿಕೊಂಡು, ಅಂಜಿಕೆಯಿಲ್ಲದೆ ನಿಂತಿತ್ತು. ಹುಚ್ಚಯ್ಯನ ಬೆರಳು ಅದನ್ನು ದಾಟಿ, ಪಕ್ಕದಲ್ಲಿ ಅಂಜಿ ಹಿಂದೆ ಸರಿಯುತ್ತಿದ್ದ ಬಡಕಲು ಕುದುರೆಯನ್ನು ತೋರಿಸಿತು.