ಇಪ್ಪತ್ತು ಷೇರಿನ ಪ್ರಶ್ನೆ

ಹದಿನಾಲ್ಕನೇ ನಂಬರಿನ ಷೇರುದಾರರು ಮಾತಾಡಬಹುದು ಎಂದು ವೇದಿಕೆಯಿಂದ ಕರೆ ಬಂದಾಗ ಮಾಜಿ ಮ್ಯಾನೇಜರು ಎದ್ದು ನಿಂತರು. ಅವರ ಹತ್ತಿರ ಈ ಬ್ಯಾಂಕಿನ ಇಪ್ಪತ್ತು ಷೇರುಗಳಿದ್ದವು. ಇಪ್ಪತ್ತೇ ಇರಲಿ, ಇಪ್ಪತ್ತು ಲಕ್ಷವೇ ಇರಲಿ, ವರ್ಷಕ್ಕೊಮ್ಮೆ ನಡೆಯುವ ಸಭೆಯಲ್ಲಿ ಅಧ್ಯಕ್ಷರ ಮುಖ ನೋಡಿ ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗೂ ಒಂದೇ. ಆ ಹಕ್ಕಿಗಾಗಿಯೇ ಅವರು ಅಷ್ಟನ್ನು ಕೊಂಡಿದ್ದರು.

ಕೇಳಬೇಕಾದದ್ದು ಒಂದೇ ಮಾತು. ಆರು ವರ್ಷದ ಹಿಂದೆ, ಅಧ್ಯಕ್ಷರ ಭಾವಮೈದುನನ ಕಂಪನಿಗೆ ಅಡಮಾನವಿಲ್ಲದೆ ಸಾಲ ಕೊಡಿ ಎಂದು ಶಾಖೆಗೆ ಫೋನ್ ಮಾಡಿದವರು ಯಾರು? ಸಾಲ ಮುಳುಗಿತು. ಫೋನಿಗೆ ಸಾಕ್ಷಿಯಿರಲಿಲ್ಲ, ಕಾಗದದ ಮೇಲೆ ಮ್ಯಾನೇಜರ ಸಹಿಯಿತ್ತು. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತು. ಮೇಕೆಯ ಕೆಲಸ ಹೋಯಿತು, ಪಿಂಚಣಿ ಹೋಯಿತು, ಬೀದಿಯಲ್ಲಿ ಎದುರಾದ ಹಳೆಯ ಸಹೋದ್ಯೋಗಿಗಳ ನಮಸ್ಕಾರವೂ ಹೋಯಿತು. ಕೋತಿಯನ್ನು ಇನ್ನೈದು ವರ್ಷ ಅಧ್ಯಕ್ಷರಾಗಿ ಮುಂದುವರಿಸುವ ಠರಾವು ಇವತ್ತು ಸಭೆಯ ಮುಂದಿತ್ತು.

ವಾರವಿಡೀ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಾ ಅವರು ಪ್ರಶ್ನೆಯನ್ನು ಬಾಯಿಪಾಠ ಮಾಡಿದ್ದರು. ಅದನ್ನು ಎರಡು ನಿಮಿಷಕ್ಕೆ ಇಳಿಸಿ ಟೈಪ್ ಮಾಡಿಕೊಟ್ಟವಳು ಮಗಳು. ಪರೀಕ್ಷೆ ಬರೆದು ಇದೇ ಬ್ಯಾಂಕಿನ ಮುಖ್ಯ ಕಚೇರಿಗೆ ಸೇರಿದ್ದಳು; ಕೆಲಸ ಖಾಯಂ ಆಗಲು ಇನ್ನೆರಡು ತಿಂಗಳು ಬಾಕಿ. ನಿನಗೆ ತೊಂದರೆಯಾದೀತು ಎಂದು ಅಪ್ಪ ಹಿಂಜರಿದಾಗ, ಅಷ್ಟು ಜನರ ನಡುವೆ ಯಾರು ಯಾರ ಮಗಳು ಎಂದು ಯಾರು ನೋಡುತ್ತಾರೆ ಎಂದು ನಕ್ಕಿದ್ದಳು.

ನೋಡುವವರು ನೋಡಿದ್ದರು. ಸಾಲುಗಳ ನಡುವೆ ಮೈಕು ಹಿಡಿದು ಬರುತ್ತಿದ್ದವಳು ಅವಳೇ. ಮಾತಾಡುವವರ ಪಟ್ಟಿ ಮೇಲಿನವರ ಕೈಸೇರಿದ್ದೇ ತಡ, ಅವಳನ್ನು ಮೂರನೇ ಮಹಡಿಯಿಂದ ಇಳಿಸಿ ಈ ಸಾಲಿಗೆ ಹಾಕಿದ್ದರು. ಮೈಕನ್ನು ಯಾರ ಕೈಗೂ ಕೊಡಬಾರದು, ನೀನೇ ಹಿಡಿದು ನಿಲ್ಲಬೇಕು ಎಂದೂ ಹೇಳಿದ್ದರು. ಅವಳು ಅಪ್ಪನ ಬಾಯಿಯ ಹತ್ತಿರ ಮೈಕು ಹಿಡಿದಳು.

ಅಧ್ಯಕ್ಷರು ಮುಂದಕ್ಕೆ ಬಾಗಿ ನಕ್ಕರು. "ಕೇಳಿ ಸರ್, ಸಂಕೋಚ ಬೇಡ. ಮೈಕ್ ಹಿಡಿದಿರೋದು ನಿಮ್ಮ ಮಗಳೇ ಅಲ್ವಾ? ಖಾಯಂ ಮಾಡೋ ಫೈಲು ಮೊನ್ನೆ ನನ್ನ ಟೇಬಲ್ಲಿಗೆ ಬಂದಿತ್ತು."

ಮಾಜಿ ಮ್ಯಾನೇಜರ ಮೈಯೆಲ್ಲ ಉರಿಯಿತು. ಬಾಯಲ್ಲಿದ್ದದ್ದು ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕೊನೆಗೆ ನುಂಗಿದರು.

"ವಾರ್ಷಿಕ ವರದಿಯ ಅಕ್ಷರ ತುಂಬಾ ಸಣ್ಣದಿದೆ," ಎಂದರು. "ವಯಸ್ಸಾದವರಿಗೆ ಓದೋಕೆ ಆಗಲ್ಲ."

ಸಭೆ ಗೊಳ್ಳೆಂದಿತು. ಅಧ್ಯಕ್ಷರು ಮಾತ್ರ ಬಹಳ ಗಂಭೀರವಾಗಿ, ಇದು ನಮ್ಮ ತಪ್ಪು, ಮುಂದಿನ ವರ್ಷ ತಿದ್ದಿಕೊಳ್ಳುತ್ತೇವೆ ಎಂದು ಒಪ್ಪಿಕೊಂಡು, ಪಕ್ಕದವರಿಂದ ಬರೆಸಿಕೊಂಡರು. ಮಗಳು ಮೈಕು ತೆಗೆಯಲಿಲ್ಲ. ಹಾಗೇ ಹಿಡಿದು, ಕೇಳಿ ಎಂದು ಕಣ್ಣಲ್ಲೇ ಹೇಳಿದಳು. ಅವರು ಕೂತುಬಿಟ್ಟರು. ಮುಂದಿನ ಐದು ವರ್ಷಕ್ಕೆ ಚಪ್ಪಾಳೆ ಬಿತ್ತು.

ಸಂಜೆ ಬಸ್ ಸ್ಟಾಪಿನಲ್ಲಿ ಇಬ್ಬರೂ ಅಕ್ಕಪಕ್ಕ ನಿಂತಿದ್ದರು. ನಿನ್ನ ಕೆಲಸ ಉಳಿಯಿತಲ್ಲ, ನನಗೆ ಅಷ್ಟು ಸಾಕು ಎಂದರು ಅಪ್ಪ. ಎರಡು ಬಸ್ಸು ಬಂದು ಹೋದವು, ಅವಳು ಹತ್ತಲಿಲ್ಲ. ಏನೂ ಅರಿಯದ ಅಪ್ಪನನ್ನು ಮೋಸದಿಂದ ಸಿಕ್ಕಿಸಿದರು ಎಂದೇ ಆರು ವರ್ಷ ಅವಳು ಕಂಡವರೊಂದಿಗೆಲ್ಲ ಜಗಳವಾಡಿದ್ದಳು.

"ಅವತ್ತು ಅವರ ಫೋನ್ ಬಂದಾಗಲೂ ಹೀಗೇ, ಏನೂ ಕೇಳದೆ ಸಹಿ ಹಾಕಿದ್ರಾ ಅಪ್ಪ?"